ಘಟ್ಟದ ಕೆಳಗಿನ ಪ್ರಭಾವತಿ

ಅಥಣಿ, ರಾಯಬಾಗ, ಕಾಗವಾಡದ ಕಡೆ ನಮ್ಮ ಹೆಣ್ಣುಮಕ್ಕಳಿಗೆ ನೀರು ಅಂದರೆ ಕೃಷ್ಣೆ, ಹಡಗು ಅಂದರೆ ಹೊಳೆ ದಾಟಿಸುವ ನಾವೆ. ಆದರೆ ಸಮುದ್ರವೇನೂ ದೂರವಿಲ್ಲ ನೋಡಿ. ಬೆಳಿಗ್ಗೆ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿ ಕಟ್ಟಿಕೊಂಡು ಹೊರಡಿ. ಚಿಕ್ಕೋಡಿ, ನಿಪ್ಪಾಣಿ ದಾಟಿ, ರಾಧಾನಗರಿಯ ಕಾಡು ಹಾದು ಫೋಂಡಾ ಘಟ್ಟ ಇಳಿದರೆ ದೇವಗಡ ಬಂದರು ಬಂತೇ! ಆಪೂಸ್ ಮಾವಿನ ತೋಟ, ಹಳೆಯ ಕೋಟೆ, ದೀಪಸ್ತಂಭ ಎಲ್ಲ ಅಲ್ಲಿವೆ.

ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆಗ ಮುಂಬಯಿಗೆ ರೈಲಿನಂತೆಯೇ ಸ್ಟೀಮರಿನ ದಾರಿಯೂ ಇತ್ತು. ದೇವಗಡ, ಮಾಲವಣ, ವೆಂಗುರ್ಲೆಗಳಲ್ಲಿ ನಿಂತು ಜನರನ್ನೂ ಗಂಟುಮೂಟೆಗಳನ್ನೂ ಹತ್ತಿಸಿಕೊಳ್ಳುತ್ತಿದ್ದ ಹಡಗುಗಳವು. ಆ ತೀರದ ಹಡಗುಗಳ ಹೆಸರೂ ಎಷ್ಟು ಚೆಂದ! ಪಾರ್ವತಿ, ಪ್ರಭಾವತಿ, ನೇತ್ರಾವತಿ, ಲೀಲಾವತಿ. ನಮ್ಮ ಮನೆಯ ಹೆಣ್ಣುಮಕ್ಕಳನ್ನೇ ಕರೆದಂತೆ.

1939ರಲ್ಲಿ ಎರಡನೆಯ ಮಹಾಯುದ್ಧ ಶುರುವಾಯಿತು. ರಾಯಲ್ ಇಂಡಿಯನ್ ನೇವಿಯ ಬಳಿ ಇದ್ದ ಹಡಗುಗಳು ಬೆರಳೆಣಿಕೆಯಷ್ಟು. ಸರ್ಕಾರ ಈ ಬಡಪಾಯಿ ಸ್ಟೀಮರುಗಳನ್ನೇ ವಶಕ್ಕೆ ತೆಗೆದುಕೊಂಡು ಬಂದೂಕು ಕೂರಿಸಿ ಕಾವಲಿಗೆ, ಸಿಡಿಗುಂಡು ಬಳಿಯುವ ಕೆಲಸಕ್ಕೆ ಹಚ್ಚಿತು. ಸಿಡಿಗುಂಡೆಂದರೆ ನೀರಿನಡಿ ಅಡಗಿ ಕೂತ ಮೃತ್ಯು. ಹಡಗು ತಗುಲಿದರೆ ಸಾಕು, ಸಿಡಿಯುತ್ತದೆ. 1941ರ ಏಪ್ರಿಲ್‌ನಲ್ಲಿ ಕೆಂಪು ಸಮುದ್ರದ ಅಸಾಬ್ ಬಳಿ ಪಾರ್ವತಿ ಹಾಗೆಯೇ ಮುಳುಗಿದಳು.

ಪ್ರಭಾವತಿಯ ಕಥೆ ಇನ್ನೂ ಕರುಳು ಹಿಂಡುವಂಥದು. ಅದೇ ವರ್ಷದ ಡಿಸೆಂಬರ್. ಪರ್ಲ್ ಹಾರ್ಬರಿನ ಮೇಲೆ ಜಪಾನ್ ದಾಳಿ ಮಾಡಿ ಇನ್ನೂ ಒಂದೆರಡು ದಿನ. ಎಲ್ಲರ ಕಣ್ಣಲ್ಲೂ ಜಪಾನೀ ಭಯ. ಎರಡು ಲೈಟರ್ ದೋಣಿಗಳನ್ನು ಎಳೆದುಕೊಂಡು ಕರಾಚಿಗೆ ಹೊರಟಿದ್ದ ಪ್ರಭಾವತಿ ರಾತ್ರಿ ಅವುಗಳ ಪಕ್ಕಕ್ಕೇ ನಿಂತಿದ್ದಳು. ಕತ್ತಲಲ್ಲಿ ಆ ಆಕಾರ ನೀರಿನ ಮೇಲೆದ್ದ ಜಪಾನೀ ಜಲಾಂತರ್ಗಾಮಿಯಂತೆ ಬ್ರಿಟಿಷ್ ಯುದ್ಧನೌಕೆ ಗ್ಲಾಸ್ಗೋಗೆ ಕಂಡಿತು. ಸುಮಾರು 6,000 ಗಜ ದೂರದಿಂದ ಫಿರಂಗಿ ಹಾರಿಸಿತು. ಮುಳುಗಿದ್ದು ವೈರಿಯಲ್ಲ, ತಮ್ಮದೇ ಪಕ್ಷದ ಪ್ರಭಾವತಿ!

ಯುದ್ಧವೆಂದರೆ ದೊಡ್ಡ ಸೇನಾಪತಿಗಳ ಹೆಸರೇ ಕೇಳುತ್ತೇವೆ. ಆದರೆ ಆ ನೌಕಾದಳದಲ್ಲಿ ಮೊದಲಿನಿಂದಲೂ ಹೆಚ್ಚಿದ್ದವರು ರತ್ನಾಗಿರಿಯ ಕೊಂಕಣದ ಹುಡುಗರು. ಅವರ ತಾಯಂದಿರು, ಹೆಂಡಂದಿರು ದಾರಿ ಕಾಯುತ್ತಿದ್ದದ್ದು ಇದೇ ತೀರದಲ್ಲಿ. ಗಂಡು ದಿಕ್ಕು ದೂರ ಹೋದಾಗ ಒಲೆಯ ಮುಂದೆ ಕೂತು ಕಾಯುವುದು ಎಂಥದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಆ ಸ್ಟೀಮರುಗಳ ಕಾಲ ಮುಗಿದಿದೆ. ದೇವಗಡಕ್ಕೆ ಹೋದರೆ ಮಾವಿನಹಣ್ಣು ಖಂಡಿತ ತನ್ನಿ. ಬರುವ ಮುಂಚೆ ಮಕ್ಕಳಿಗೆ ಸಮುದ್ರ ತೋರಿಸಿ ಪ್ರಭಾವತಿಯ ಹೆಸರನ್ನೊಮ್ಮೆ ಹೇಳಿ.