ಮೂರು ಡಿಸ್ಕ್, ಒಂದು ಪೆನ್‌ಡ್ರೈವ್

ನಮ್ಮನೆ ಟಿವಿ ಸ್ಟ್ಯಾಂಡಿನ ಕೆಳಗೆ ಒಂದು ಕಪ್ಪು ಡಬ್ಬಿ ಇದೆ. ಬಂದವರೆಲ್ಲ ‘ಇದೇನು, ಸ್ಟೆಬಿಲೈಸರಾ?’ ಅಂತ ಕೇಳ್ತಾರೆ. ಅದರ ಹೆಸರು ನ್ಯಾಸ್. ಒಳಗೆ ಹಾರ್ಡ್ ಡಿಸ್ಕ್ ಹಾಕಿ ಇಂಟರ್‌ನೆಟ್ ರೂಟರ್‌ಗೆ ಜೋಡಿಸಿದರೆ ಮನೆಯವರೆಲ್ಲರ ಫೋಟೊ, ವಿಡಿಯೊ, ಕಾಗದಪತ್ರ ಒಂದೇ ಕಡೆ ಕೂಡಿಡಬಹುದು.

ನಾಲ್ಕು ಡಿಸ್ಕಿಗೆ ಜಾಗವಿದ್ದರೂ ಮೊದಲು 4 ಟಿಬಿಯ ಎರಡನ್ನಷ್ಟೇ ಹಾಕಿದ್ದೆ. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲೂ ಹಾಗೇ ಬರೆಯುವ ವ್ಯವಸ್ಥೆ ಅದು. ದುಡ್ಡು 8 ಟಿಬಿಗೆ, ಸಿಗುವ ಜಾಗ 4 ಟಿಬಿ. ಮದುವೆಯ ವಿಡಿಯೊ ಅರ್ಧ ತಿಂದಿತ್ತು, ಮಗಳು ಹುಟ್ಟಿದ ಮೇಲೆ ಉಳಿದದ್ದೂ ತುಂಬಿತು.

ಮೂರನೆಯ ಡಿಸ್ಕ್ ತಂದೆ. ಮೂರು ಸೇರಿದರೆ ರೇಡ್ 5 ಎಂಬ ಪದ್ಧತಿಗೆ ಬದಲಾಗಬಹುದು. ಒಂದು ಡಿಸ್ಕಿನಷ್ಟು ಜಾಗ ಅದರ ಲೆಕ್ಕಾಚಾರಕ್ಕೆ ಹೋಗುತ್ತೆ, ಉಳಿದ 8 ಟಿಬಿ ನಮಗೆ. ಯಾವುದೇ ಒಂದು ಡಿಸ್ಕ್ ಕೆಟ್ಟರೂ ಮಿಕ್ಕ ಎರಡರಿಂದ ಎಲ್ಲವನ್ನೂ ಮತ್ತೆ ಕಟ್ಟಿಕೊಳ್ಳಬಹುದು. ಡಿಸ್ಕ್ ಕೂರಿಸುವುದು ಐದು ನಿಮಿಷದ ಕೆಲಸ. ಇದ್ದ ಮಾಹಿತಿಯನ್ನೆಲ್ಲ ಮೂರಕ್ಕೂ ಹೊಸದಾಗಿ ಹಂಚಲು ಎರಡು ಹಗಲು, ಎರಡು ರಾತ್ರಿ ಹಿಡಿಯಿತು. ನಡುವೆ ಕರೆಂಟ್ ಹೋದರೆ ಅಂತ ಯುಪಿಎಸ್ ಕೂಡ ತಂದಿದ್ದೆ. ‘ಮಗೂಗೆ ಜ್ವರ ಬಂದಾಗ್ಲೂ ನೀನು ಇಷ್ಟು ಸಲ ಎದ್ದು ನೋಡಿಲ್ಲ’ ಅಂದಳು ಹೆಂಡತಿ.

ಇದಕ್ಕೂ ಮೊದಲು ಹೊರೆ ಕಡಿಮೆಯಾಗಲಿ ಅಂತ, ಎರಡೆರಡು ಸಲ ಇದ್ದ ಫೈಲ್‌ಗಳನ್ನು ಅಳಿಸಿದ್ದೆ. ಜಾಗ ತಿನ್ನುತ್ತೆ ಅಂತ ರೀಸೈಕಲ್ ಬಿನ್ನನ್ನೂ ಆಫ್ ಮಾಡಿದ್ದೆ.

ತಿಂಗಳಾದ ಮೇಲೆ ತೀರ್ಥಹಳ್ಳಿಯಿಂದ ಅಮ್ಮನ ಫೋನ್. ‘ಚಿಕ್ಕಮ್ಮನ ಮಗಳ ಮದುವೆಗೆ ಅಜ್ಜಿಯ ಹಸೆ ಹಾಡು ಬೇಕಂತೆ, ಕಳಿಸೋ.’ ಅಜ್ಜಿ ತೀರಿಕೊಳ್ಳುವ ಹಿಂದಿನ ವರ್ಷ ಅಡುಗೆಮನೆಯಲ್ಲಿ ಕೂರಿಸಿಕೊಂಡು, ಎರಡು ದಿನ ನನ್ನ ಫೋನಿನಲ್ಲಿ ರೆಕಾರ್ಡ್ ಮಾಡಿದ್ದ 11 ಹಾಡುಗಳು. ಆ ಫೋನ್ ಈಗಿಲ್ಲ. ನ್ಯಾಸ್‌ನಲ್ಲಿ ಹುಡುಕಿದೆ, ಸಿಗಲಿಲ್ಲ. ‘ಅಜ್ಜಿ ಹಳೆಯದು’ ಎಂಬ ಫೋಲ್ಡರನ್ನು ನಕಲು ಅಂದುಕೊಂಡು ಅಳಿಸಿದ್ದು ಆಗ ನೆನಪಾಯಿತು. ಇದ್ದದ್ದು ಅದೊಂದೇ.

ಮೂರು ಡಿಸ್ಕೂ ಚೆನ್ನಾಗಿದ್ದವು. ಹಸಿರು ದೀಪ ಉರಿಯುತ್ತಲೇ ಇತ್ತು. ರೇಡ್ ಬ್ಯಾಕಪ್ ಅಲ್ಲ ಅಂತ ಆಫೀಸಿನಲ್ಲಿ ಹೊಸಬರಿಗೆ ಪಾಠ ಹೇಳುವವನು ನಾನು! ಡಿಸ್ಕ್ ಕೆಟ್ಟರೆ ಅದು ಕಾಪಾಡುತ್ತೆ. ನಾವೇ ಅಳಿಸಿದರೆ ಎಲ್ಲ ಡಿಸ್ಕಿನಿಂದಲೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತೆ. ಅಳಿಸಿದ್ದನ್ನು ಮರಳಿ ತರುವ ತಂತ್ರಾಂಶ ಹಾಕಿ ನೋಡಿದೆ. ಹೊಸ ಹಂಚಿಕೆಯಲ್ಲಿ ಹಳೆಯದರ ಗುರುತೂ ಉಳಿದಿರಲಿಲ್ಲ.

ಅಮ್ಮನಿಗೆ ಹೇಳಲು ಎರಡು ದಿನ ಧೈರ್ಯ ಬರಲಿಲ್ಲ. ಹೇಳಿದಾಗ ಅವಳು ಬೈಯಲಿಲ್ಲ. ‘ತಡಿ, ಟಿವಿಗೆ ಹಾಕ್ಕೊಂಡು ಕೇಳು ಅಂತ ಒಂದು ಪೆನ್‌ಡ್ರೈವ್ ಕೊಟ್ಟಿದ್ಯಲ್ಲ’ ಅಂದಳು. ಅದರಲ್ಲಿ ಮೊದಲ ದಿನದ 7 ಹಾಡುಗಳಿದ್ದವು. ಎರಡನೆಯ ದಿನದ 4 ಹೋದವು.

ನ್ಯಾಸ್‌ನ ನಾಲ್ಕನೆಯ ಜಾಗ ಇನ್ನೂ ಖಾಲಿಯೇ ಇದೆ. ಅದಕ್ಕೆಂದು ಎತ್ತಿಟ್ಟಿದ್ದ ದುಡ್ಡಿನಲ್ಲಿ ಹೊರಗಿನಿಂದ ಜೋಡಿಸುವ ಎರಡು ಡಿಸ್ಕ್ ಕೊಂಡೆ. ಒಂದು ಬೆಂಗಳೂರಿನಲ್ಲಿ, ಇನ್ನೊಂದು ಊರಿನಲ್ಲಿ ಅಮ್ಮನ ಬೀರುವಿನ ರೇಷ್ಮೆ ಸೀರೆಗಳ ನಡುವೆ. ಊರಿಗೆ ಹೋದಾಗಲೆಲ್ಲ ಅದಲು ಬದಲು ಮಾಡುತ್ತೇನೆ. ರೀಸೈಕಲ್ ಬಿನ್ ಈಗ ಆನ್ ಇದೆ. ನೀವೂ ಡಿಸ್ಕ್ ಸೇರಿಸುವ ಯೋಚನೆಯಲ್ಲಿದ್ದರೆ, ಮೊದಲು ಬೇರೆ ಮನೆಯಲ್ಲಿ ಒಂದು ಪ್ರತಿ ಇಡಿ. ಏನನ್ನಾದರೂ ಅಳಿಸುವುದಿದ್ದರೆ ಅದಾದ ಮೇಲೆ ಅಳಿಸಿ.

ಕಳೆದ ಸಲ ಹೋದಾಗ ಅಮ್ಮ, ‘ಹೋಗಿದ್ರಲ್ಲಿ ಎರಡು ನಂಗೂ ಬರತ್ತೆ ಕಣೋ, ನಡುವೆ ಒಂದೊಂದು ಸಾಲು ಮರ್ತುಹೋಗಿದೆ’ ಅಂದಳು. ಅಡುಗೆಮನೆಯಲ್ಲೇ ಕೂತು ಹಾಡಿದಳು. ರೆಕಾರ್ಡ್ ಮಾಡಿಕೊಂಡು, ರಾತ್ರಿ ಬಸ್ ಹತ್ತುವ ಮೊದಲೇ ಬೀರುವಿನ ಡಿಸ್ಕಿಗೆ ಹಾಕಿಟ್ಟೆ.