ಬ್ಲ್ಯಾಕ್ ಬಟ್ಲರ್ ಹುಚ್ಚು, ಭಾಗ 4: ಅಣ್ಣನ ಹೆಸರು

ಮೊದಲೇ ಹೇಳಿಬಿಡ್ತೀನಿ, ಈ ಸಲ ದೊಡ್ಡ ಸ್ಪಾಯ್ಲರ್ ಇದೆ. ಅನಿಮೆ ಮಾತ್ರ ನೋಡ್ತಿರೋರು ಫೋಟೋಗೆ ಒಂದು ಲೈಕ್ ಒತ್ತಿ ಮುಂದೆ ಹೋಗಿ, ನಂಗೇನೂ ಬೇಜಾರಿಲ್ಲ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಯಾನಾ ತೊಬೊಸೊ 2006ರಿಂದ ಬರೆದು ಚಿತ್ರಿಸ್ತಿರೋ ಜಪಾನಿ ಮಾಂಗಾ ಇದು. ಕಥೆ ನಡೆಯೋದು ವಿಕ್ಟೋರಿಯಾ ರಾಣಿ ಕಾಲದ ಇಂಗ್ಲೆಂಡಲ್ಲಿ. ಸಿಯೆಲ್ ಫಾಂಟಮ್‌ಹೈವ್ ಅನ್ನೋ ಹುಡುಗನ 10ನೇ ಹುಟ್ಟುಹಬ್ಬದ ದಿನವೇ ಅಪ್ಪ ಅಮ್ಮನ ಕೊಲೆಯಾಗುತ್ತೆ, ಮನೆ ಸುಟ್ಟುಹೋಗುತ್ತೆ. ದೆವ್ವದ ಪೂಜೆ ಮಾಡೋ ಒಂದು ಗುಂಪಿನ ಕೈಗೆ ಸಿಕ್ಕಿ ಬೋನಿನೊಳಗೆ ಬೀಳ್ತಾನೆ. ಅಲ್ಲಿ ನಿಜವಾಗ್ಲೂ ದೆವ್ವ ಬಂದುಬಿಡುತ್ತೆ! ಇಬ್ಬರಿಗೂ ಕರಾರಾಗುತ್ತೆ: ಸೇಡು ತೀರೋವರೆಗೂ ದೆವ್ವ ಇವನ ಬಟ್ಲರ್, ತೀರಿದ ಮೇಲೆ ಇವನ ಆತ್ಮ ಅದರ ಊಟ. ಬಟ್ಲರ್‌ಗೆ ಸೆಬಾಸ್ಟಿಯನ್ ಅಂತ ಹೆಸರಿಡ್ತಾನೆ. ಹಿಂದೆ ಮನೇಲಿದ್ದ ನಾಯಿಯ ಹೆಸರದು.

ಬಿಸಿನೆಸ್ ಲಾ ಕ್ಲಾಸಲ್ಲಿ 1872ರ ಕರಾರು ಕಾಯ್ದೆ, 1903ರ ಮೋಹೊರಿ ಬೀಬಿ ಕೇಸ್ ಬಂತಲ್ಲ, ಮೈನರ್ ಮಾಡ್ಕೊಂಡ ಕರಾರು ಶುರುವಿಂದಲೇ ಶೂನ್ಯ ಅಂತ? ಆವತ್ತು ನಾನು ಹಿಂದಿನ ಬೆಂಚಲ್ಲಿ, ಅಯ್ಯೋ ಸೆಬಾಸ್ಟಿಯನ್ ಬಿಟ್ಟಿ ದುಡೀತಿದಾನೆ ಕಣೋ ಅಂತ ಪಿಸುಗುಟ್ಟಿದ್ದೆ. ನಮ್ಮ ಕಾಯ್ದೆ ಇಂಗ್ಲೆಂಡಿಗೆ ನಡೆಯಲ್ಲ, ಸುಮ್ನೆ ಬರ್ಕೋ ಅಂದ ಪಕ್ಕದವನು. ಸರಿಯಾಗೇ ಹೇಳ್ದ.

ಆ ಕರಾರಲ್ಲಿ ನಂಗೆ ತುಂಬಾ ಹಿಡಿಸಿದ್ದು ಒಂದು ಷರತ್ತು. ದೆವ್ವ ಈ ಹುಡುಗನಿಗೆ ಯಾವತ್ತೂ ಸುಳ್ಳು ಹೇಳಬಾರದು. ಎಷ್ಟು ಸಣ್ಣ ಮಾತು ಅಂತ ಪುಟ ತಿರುಗಿಸಿದ್ದೆ. ಕಥೆ ಶುರುವಾಗಿ ಹತ್ತು ವರ್ಷ ಕಳೆದ ಮೇಲೆ ಗೊತ್ತಾಗೋದೇನು? ದೊಡ್ಡ ಸುಳ್ಳು ಹೇಳ್ಕೊಂಡು ಬದುಕ್ತಿರೋನು ಆ ಹುಡುಗನೇ. ಬೋನಲ್ಲಿ ಇದ್ದೋರು ಇಬ್ಬರು, ಅವಳಿ ಜವಳಿ. ಸಿಯೆಲ್ ಅನ್ನೋದು ಅಣ್ಣನ ಹೆಸರು. ಬಲಿ ಆದವನು ಅಣ್ಣ. ಬದುಕಿ ಹೊರಗೆ ಬಂದ ತಮ್ಮ ತನ್ನ ಹೆಸರು ಬಿಟ್ಟು ಅಣ್ಣನ ಹೆಸರು ಹೇಳ್ದ. ಮನೆತನದ ವಾರಸುದಾರ ಅಣ್ಣ. ಇವನೋ ಯಾವಾಗ್ಲೂ ಕಾಯಿಲೆ ಬೀಳೋ ಹುಡುಗ, ದೊಡ್ಡವನಾದ್ಮೇಲೆ ಲಂಡನ್ನಲ್ಲಿ ಆಟಿಕೆ ಅಂಗಡಿ ಇಡ್ತೀನಿ ಅಂತಿದ್ದೋನು. ಎಲ್ಲರಿಗೂ ಬೇಕಾಗಿದ್ದು ಅಣ್ಣ ವಾಪಸ್ ಬರೋದು ಅಂತ ತಾನೇ ತೀರ್ಮಾನ ಮಾಡ್ಕೊಂಡ. ಇವನ ನಿಜವಾದ ಹೆಸರೇನು ಅಂತ ನಾನು ಓದಿರೋವರೆಗೂ ತೊಬೊಸೊ ಹೇಳಿಲ್ಲ!

ಸುಳಿವು ಮೊದಲೇ ಇತ್ತು. ಸರ್ಕಸ್ ಕಥೆಯಲ್ಲಿ ಅವನಿಗೆ ಶೀತ ಆಗಿ ಆಸ್ತಮಾ ಕೆರಳುತ್ತಲ್ಲ, ಚಿಕ್ಕಂದಿನಲ್ಲಿ ಆಸ್ತಮಾ ಇದ್ದದ್ದು ತಮ್ಮನಿಗೆ. ಆ ಪುಟ ನಾನೂ ನನ್ನ ಅಣ್ಣನೂ ಒಂದೇ ಫೋನಲ್ಲಿ ಓದಿದ್ವಿ. 'ದೆವ್ವ ಇಟ್ಕೊಂಡೂ ನೆಗಡಿಗೆ ಸಾಯ್ತಾನಲ್ಲೋ' ಅಂತ ಅವನು ಬಿದ್ದು ಬಿದ್ದು ನಕ್ಕಿದ್ದ. ಅವನು ಓದಿದ್ದು ಅಲ್ಲಿವರೆಗೇ.

ಅಣ್ಣ ಹೋಗಿ ಎರಡು ವರ್ಷ. ಕ್ಲಾಸಲ್ಲಿ ಕೆಲವರಿಗೆ ಗೊತ್ತು. ಗೊತ್ತಿಲ್ಲದೇ ಇರೋದು ಇದು: ನಮ್ಮಜ್ಜಿಗೆ ಈಗ ಮರೆವು. ಸಂಜೆ ನಾನು ಗೇಟ್ ತೆಗೆದ ಸದ್ದಿಗೆ ಅಣ್ಣನ ಹೆಸರು ಕೂಗ್ತಾಳೆ. ಮೊದಮೊದಲು 'ನಾನಜ್ಜಿ, ಚಿಕ್ಕವನು' ಅಂತಿದ್ದೆ. 'ಹಂಗಾದ್ರೆ ದೊಡ್ಡವನೆಲ್ಲಿ?' ಅಂತ ಕೇಳೋಳು. ಅಮ್ಮ ಎದ್ದು ಅಡುಗೆಮನೆಗೆ ಹೋಗಿಬಿಡೋಳು. ಒಂದು ದಿನ 'ಹೂಂ ಅಜ್ಜಿ, ಬಂದೆ' ಅಂದೆ. ಅಜ್ಜಿ ನನ್ನ ಕೈ ಹಿಡ್ಕೊಂಡು 'ಬೈಕು ನಿಧಾನಕ್ಕೆ ಓಡ್ಸು ಕಂದಾ' ಅಂದ್ಲು. ಆವತ್ತಿಂದ ತಿದ್ದೋದು ಬಿಟ್ಟಿದೀನಿ.

ಅದಕ್ಕೇ ಫ್ಯಾನ್‌ಗಳು ಆ ತಮ್ಮನನ್ನ ಮೋಸಗಾರ, ಅಣ್ಣನ ಜಾಗ ಕದ್ದವನು ಅಂತ ಬೈಯುವಾಗ ನಂಗೆ ವಾದ ಮಾಡೋಕೇ ಆಗಲ್ಲ. ಅವನು ಮಾಡಿದ್ದು ಸರಿ ಅಂತಾನೂ ಅನ್ನಲ್ಲ. ಎಲ್ಲರ ಕೈಲೂ ಆ ಹೆಸರಲ್ಲೇ ಕರೆಸ್ಕೊಂಡು ಮೂರು ವರ್ಷ ಬದುಕಿದ ಮೇಲೆ, ಸತ್ತ ಅಣ್ಣನೇ ಎದುರಿಗೆ ಬಂದು ನಿಂತಾಗ ಅವನ ಮುಖ ಬಿಳಿಚಿಕೊಳ್ಳುತ್ತೆ ನೋಡಿ, ಆ ಪುಟದ ಸ್ಕ್ರೀನ್‌ಶಾಟ್ ನನ್ನ ಫೋನಲ್ಲಿದೆ. ಇಲ್ಲಿ ಹಾಕಲ್ಲ.

ನಿನ್ನೆ ರಾತ್ರಿ ತಟ್ಟೆ ಹಾಕುವಾಗ ಅಜ್ಜಿ ನನ್ನನ್ನೇ ಕೇಳಿದ್ಲು, 'ಚಿಕ್ಕವನು ಊಟ ಮಾಡಿದ್ನಾ?'

ಮಾಡ್ದ ಅಜ್ಜಿ, ಅಂದೆ.

ಭಾಗ 5ರಲ್ಲಿ ಅಂಡರ್‌ಟೇಕರ್ ಬಗ್ಗೆ ಬರೀತೀನಿ. ಸೆಮಿಸ್ಟರ್ ಎಕ್ಸಾಮ್ ಮುಗೀಲಿ.