ಚಕ್ಕಡಿ ಮಾಡಿದ ಕೈಯಲ್ಲಿ ಒಂದು ಯುದ್ಧನೌಕೆ

ಇಂಗ್ಲೆಂಡಿನ ಹಾರ್ಟಲ್‌ಪೂಲ್ ಎಂಬ ಬಂದರಿನಲ್ಲಿ ಒಂದು ಹಳೆಯ ಹಾಯಿ ಯುದ್ಧನೌಕೆ ಇವತ್ತಿಗೂ ನೀರಿನ ಮೇಲೆ ತೇಲುತ್ತಿದೆ. ಹೆಸರು ಟ್ರಿಂಕೋಮಲಿ. ಅದು ನೀರಿಗಿಳಿದದ್ದು 1817ರ ಅಕ್ಟೋಬರ್ 12ರಂದು, ನಮ್ಮ ಮುಂಬೈನಲ್ಲಿ. ಕಟ್ಟಿಸಿಕೊಂಡವರು ಬ್ರಿಟಿಷರು, ಕಟ್ಟಿದವರು ಜಮ್ಷೆಟ್‌ಜಿ ಬೊಮನ್‌ಜಿ ವಾಡಿಯಾ ಎಂಬ ಪಾರ್ಸಿ ಮೇಸ್ತ್ರಿ ಮತ್ತು ಅವರ ಕೈಕೆಳಗಿನ ಬಡಿಗೇರರು. ಅದರ ಮೈ ಮಲಬಾರದ ಸಾಗವಾನಿಯದು.

ಅದೇ ಹಡಗನ್ನು ನಾವು ಮನೆಯ ಪಡಸಾಲೆಯಲ್ಲಿ ಕಟ್ಟಿದೆವು. ಉದ್ದ 25 ಇಂಚು. ಅಂಗಡಿಯಲ್ಲಿ ಸಿಗುವ ಜೋಡಿಸುವ ಡಬ್ಬಿಯಿಂದಲ್ಲ, ನಕ್ಷೆ ಮತ್ತು ಕಟ್ಟಿಗೆಯಿಂದ. ನಾವು ಎಂದರೆ ಮನೆಯ ಮೂರು ತಲೆಮಾರು: 71 ವರ್ಷದ ಅಪ್ಪ, ಸುದ್ದಿ ಬರೆಯುವ ಮಗ, ಏಳನೇ ತರಗತಿಯ ಮೊಮ್ಮಗಳು. ಭಾನುವಾರ ಮತ್ತು ಸಂಜೆ ಕೂತು ಮಾಡಿದ ಕೆಲಸ. 14 ತಿಂಗಳು ಹಿಡಿಯಿತು.

ಅಪ್ಪ ಚಕ್ಕಡಿ ಬಡಿಗೇರ. ಕರಿಜಾಲಿ ಕಟ್ಟಿಗೆಯಲ್ಲಿ ಗಾಲಿ ಮಾಡಿ, ಕಬ್ಬಿಣದ ಪಟ್ಟಾ ಕಾಸಿ ಕೂಡಿಸಿ, ಮೇಲೆ ನೀರು ಸುರಿದು ಬಿಗಿ ಮಾಡುತ್ತಿದ್ದರು. ಊರಲ್ಲಿ ಟೈರಿನ ಗಾಡಿ ಬಂತು, ಆಮೇಲೆ ಟ್ರ್ಯಾಕ್ಟರ್ ಬಂತು. ಕಟ್ಟಿಗೆ ಗಾಲಿ ಕೇಳುವವರು ಇಲ್ಲವಾದರು. ಬಾಗಿಲು, ಕಿಟಕಿ ಕೆಲಸವೂ ರೆಡಿಮೇಡ್ ಅಂಗಡಿಗೆ ಹೋಯಿತು. ಬಾಚಿ, ಉಳಿ, ರಂದಾ ಎಲ್ಲ ಗೋಣಿಚೀಲ ಸೇರಿದವು. ಖಂಡೇ ಪೂಜೆಗೆ ವರ್ಷಕ್ಕೊಮ್ಮೆ ಹೊರಗೆ ಬಂದು, ಕುಂಕುಮ ಹಚ್ಚಿಸಿಕೊಂಡು, ಮತ್ತೆ ಒಳಗೆ ಹೋಗುತ್ತಿದ್ದವು. ಕೆಲಸ ಇಲ್ಲದ ಬಡಿಗೇರ ಮನೆಯಲ್ಲಿ ಸುಮ್ಮನೆ ಕೂಡುವುದನ್ನು ನೋಡಿದವರಿಗೆ ಗೊತ್ತು, ಅದು ವಿಶ್ರಾಂತಿ ಅಲ್ಲ.

ಟ್ರಿಂಕೋಮಲಿಯ ಫೋಟೋ ಮೊಬೈಲಿನಲ್ಲಿ ತೋರಿಸಿದಾಗ ಅಪ್ಪ ಮೊದಲು ನಕ್ಕರು.

"ಸಮುದ್ರನ ನೋಡಿಲ್ಲ ನಾ. ಹಡಗ ಹೆಂಗ ಮಾಡ್ಲಿ?"

ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು: "ಅಳತಿ ಐತೇನು? ಅಳತಿ ಇದ್ರ ನೋಡೋಣು."

ಅಳತೆ ಇತ್ತು. ಆ ಕಾಲದ ಬ್ರಿಟಿಷ್ ನೌಕಾಪಡೆ ಪ್ರತಿ ಹಡಗಿಗೂ ನಕ್ಷೆ ಬರೆಸುತ್ತಿತ್ತು. ಅವುಗಳಲ್ಲಿ ಸಾವಿರಾರು ಇವತ್ತಿಗೂ ಲಂಡನ್ನಿನ ಗ್ರೀನಿಚ್ ವಸ್ತುಸಂಗ್ರಹಾಲಯದಲ್ಲಿ ಇವೆ. ಟ್ರಿಂಕೋಮಲಿ 'ಲೀಡಾ' ಎಂಬ ಮಾದರಿಯದು, ಆ ಮಾದರಿಯ ಹಡಗುಗಳೆಲ್ಲ ಹೆಚ್ಚುಕಡಿಮೆ ಒಂದೇ ನಕ್ಷೆಯವು. ಧಾರವಾಡದ ಝೆರಾಕ್ಸ್ ಅಂಗಡಿಯಲ್ಲಿ ತುಂಡು ತುಂಡಾಗಿ ಮುದ್ರಿಸಿ, ಅಂಟಿಸಿ, ಗೋಡೆಗೆ ಹಚ್ಚಿದೆವು.

ಈ ನಕ್ಷೆಗೆ ಒಂದು ಕತೆ ಇದೆ. ಮೊದಲು ಲಂಡನ್ನಿನಿಂದ ಮುಂಬೈಗೆ ಕಳಿಸಿದ ನಕ್ಷೆ 'ಜಾವಾ' ಎಂಬ ಹಡಗಿನಲ್ಲಿತ್ತು. 1812ರ ಡಿಸೆಂಬರಿನಲ್ಲಿ ಅಮೆರಿಕದ ಯುದ್ಧನೌಕೆ ಜಾವಾವನ್ನು ಸೋಲಿಸಿ ಹಿಡಿಯಿತು. ನಕ್ಷೆಯೂ ಹೋಯಿತು. ಮತ್ತೊಂದು ಪ್ರತಿ ಬರೆದು ಕಳಿಸಿದ ಮೇಲೆ, 1816ರಲ್ಲಿ ಕೆಲಸ ಶುರುವಾಯಿತು. ಹಡಗಿನ ಅಡಿದಿಮ್ಮಿ ಇಡುವ ದಿನ ಅದಕ್ಕೆ ಬೆಳ್ಳಿಯ ಮೊಳೆ ಹೊಡೆಯುವುದು ವಾಡಿಯಾ ಮನೆತನದ ಪದ್ಧತಿ. ಇದನ್ನು ಹೇಳಿದಾಗ ಅಪ್ಪನಿಗೆ ಆಶ್ಚರ್ಯವಾಗಲಿಲ್ಲ. ನಾವು ಬಾಗಿಲ ಚೌಕಟ್ಟು ನಿಲ್ಲಿಸುವಾಗ ಪೂಜೆ ಮಾಡುವುದಿಲ್ಲವೇ?

ಅಳತೆಯನ್ನು ಬಡಿಗೇರರ ಲೆಕ್ಕಕ್ಕೆ ತಂದೆವು. ಒಂದು ಇಂಚಿಗೆ ಆರು ಅಡಿ. ನಿಜವಾದ ಹಡಗಿನ ತೋಪಿನ ಅಟ್ಟ 150 ಅಡಿ ಉದ್ದ, ನಮ್ಮದು 25 ಇಂಚು. ಅಗಲ ಸುಮಾರು 40 ಅಡಿ, ನಮ್ಮದು ಆರು ಮುಕ್ಕಾಲು ಇಂಚಿಗೆ ಚೂರು ಕಡಿಮೆ. ಆ ಲೆಕ್ಕದಲ್ಲಿ ಒಬ್ಬ ನಾವಿಕ ಒಂದು ಇಂಚಿಗಿಂತ ಗಿಡ್ಡ.

ಕಟ್ಟಿಗೆ ಹುಡುಕಲು ದೂರ ಹೋಗಲಿಲ್ಲ. ಹಿತ್ತಲಲ್ಲಿ ಹಳೆಯ ಮನೆಯ ಸಾಗವಾನಿ ಚೌಕಟ್ಟು ಬಿದ್ದಿತ್ತು. ನಮ್ಮ ಕಡೆ ಸಾಗವಾನಿಗೆ ಬೆಲೆ ಯಾಕೆಂದು ಯಾರಿಗೂ ಹೇಳಬೇಕಿಲ್ಲ. ಅಳ್ನಾವರದಿಂದ ದಾಂಡೇಲಿ ಕಡೆ ರೈಲು ಹಳಿ ಹಾಕಿದ್ದೇ ಕಟ್ಟಿಗೆ ಸಾಗಿಸಲು. ಕಲಘಟಗಿಯ ಬಣ್ಣದ ತೊಟ್ಟಿಲುಗಳೂ ಸಾಗವಾನಿಯವೇ. ಹಡಗಿಗೂ ಅದೇ ಯಾಕೆ? ಅದರಲ್ಲಿ ಎಣ್ಣೆಯಂಶ ಇದೆ, ನೀರಿಗೆ ಬೇಗ ಕೊಳೆಯುವುದಿಲ್ಲ. ಇಂಗ್ಲೆಂಡಿನ ಓಕ್ ಕಟ್ಟಿಗೆಯ ಹುಳಿ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ, ಸಾಗವಾನಿಯಲ್ಲಿ ಆ ಕಾಟ ಕಡಿಮೆ. ನೆಪೋಲಿಯನ್ ಜತೆಗಿನ ಯುದ್ಧದ ವರ್ಷಗಳಲ್ಲಿ ಅವರಿಗೆ ಓಕ್ ಕೂಡ ಸಾಕಾಗುತ್ತಿರಲಿಲ್ಲ. ಆಗ ಮುಂಬೈ ಕಡೆ ನೋಡಿದರು.

ಕೆಲಸದ ಕ್ರಮ ಹೀಗೆ. ಮೊದಲು ಬೆನ್ನೆಲುಬಿನಂಥ ಅಡಿದಿಮ್ಮಿ. ಅದಕ್ಕೆ ಅಡ್ಡಲಾಗಿ ಪಕ್ಕೆಲುಬಿನಂಥ 17 ಪ್ಲೈವುಡ್ ತುಂಡುಗಳು. ಪ್ರತಿ ತುಂಡಿನ ಆಕಾರ ನಕ್ಷೆಯಲ್ಲಿರುತ್ತದೆ, ನಡುವಿನದು ಅಗಲ, ತುದಿಗೆ ಹೋದಂತೆ ಚೂಪು. ಇವು ನೆಟ್ಟಗೆ ಕೂತರೆ ಅರ್ಧ ಹಡಗು ಮುಗಿದಂತೆ. ಆಮೇಲೆ ಮೇಲೆ ಸಾಗವಾನಿ ಪಟ್ಟಿ. ನಿಜವಾದ ಹಡಗಿನಲ್ಲಿ ಒಂದು ಅಡಿ ಅಗಲದ ಹಲಗೆ ನಮ್ಮಲ್ಲಿ ನಾಲ್ಕು ಮಿಲಿಮೀಟರ್ ಪಟ್ಟಿ.

ಇಲ್ಲಿ ಮೊಮ್ಮಗಳ ಗಣಿತ ಬಂತು. ಹಡಗಿನ ನಡುವೆ ಒಂದು ಬದಿಯ ಸುತ್ತಳತೆ ಆರು ಇಂಚು ಇದ್ದರೆ ಮೂತಿಯ ಹತ್ತಿರ ನಾಲ್ಕೇ ಇಂಚು. ಪಟ್ಟಿಗಳ ಸಂಖ್ಯೆ ಎರಡೂ ಕಡೆ ಒಂದೇ. ಹಾಗಾದರೆ ನಾಲ್ಕು ಮಿಲಿಮೀಟರ್ ಪಟ್ಟಿ ಮೂತಿಯ ಹತ್ತಿರ ಎಷ್ಟಾಗಬೇಕು? ಎರಡೂವರೆಗಿಂತ ಸ್ವಲ್ಪ ಹೆಚ್ಚು. ಕಾಗದದ ಪಟ್ಟಿ ಸುತ್ತಿ ಅಳೆದು, ಭಾಗಿಸಿ, ಪ್ರತಿ ಪಕ್ಕೆಲುಬಿನ ಮೇಲೆ ಪೆನ್ಸಿಲ್ ಗುರುತು ಹಾಕಿದವಳು ಅವಳೇ. ಅಪ್ಪ ಆ ಗುರುತಿಗೆ ಪಟ್ಟಿ ಕೀಸುತ್ತಿದ್ದರು. ಬಿಸಿ ನೀರಿನಲ್ಲಿ ನೆನೆಸಿದ ಪಟ್ಟಿ ಬಾಗುತ್ತದೆ. ಒಂದು ಪಟ್ಟಿ ಎಡಕ್ಕೆ ಹಚ್ಚಿದರೆ ಮುಂದಿನದು ಬಲಕ್ಕೆ. ಒಂದೇ ಬದಿ ಹಚ್ಚುತ್ತ ಹೋದರೆ ಅಡಿದಿಮ್ಮಿ ಆ ಕಡೆ ತಿರುಚಿಕೊಳ್ಳುತ್ತದೆ. ಇದನ್ನು ಅಪ್ಪನಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಲಿಲ್ಲ.

ಹಲಗೆ ಅರ್ಧ ಮುಗಿದಾಗ ಮೊಮ್ಮಗಳು ಒಂದು ಪ್ರಶ್ನೆ ಕೇಳಿದಳು.

"ಅಜ್ಜಾ, ಇದು ಬ್ರಿಟಿಷರ ಹಡಗಲ್ಲೇನು? ನಮ್ಮನ್ನ ಆಳಿದವರ ತೋಪು ಇದರಾಗ ಇದ್ವಲ್ಲ. ನಾವ್ಯಾಕ ಮಾಡಬೇಕು ಇದನ್ನ?"

ಶಾಲೆಯಲ್ಲಿ ಆ ವಾರ ಕಿತ್ತೂರ ಚನ್ನಮ್ಮನ ಪಾಠ ನಡೆದಿತ್ತು. ಚನ್ನಮ್ಮನ ಪಡೆ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕಿತ್ತೂರಿನಲ್ಲಿ ಕೊಂದದ್ದು 1824ರಲ್ಲಿ. ಟ್ರಿಂಕೋಮಲಿ ಅದಕ್ಕೆ ಐದು ವರ್ಷ ಮೊದಲು ಇಂಗ್ಲೆಂಡ್ ಸೇರಿತ್ತು. ಎರಡೂ ಒಂದೇ ಕಾಲದ ಮಾತು. ಜಮ್ಷೆಟ್‌ಜಿ ಕಟ್ಟಿದ ಇನ್ನೊಂದು ದೊಡ್ಡ ಹಡಗು 'ಕಾರ್ನ್‌ವಾಲಿಸ್' 1813ರದು. ಅಫೀಮು ಯುದ್ಧದಲ್ಲಿ ಸೋತ ಚೀನಾ 1842ರಲ್ಲಿ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಹಾಕಿದ್ದು ಅದೇ ಹಡಗಿನ ಮೇಲೆ, ಹಾಂಗ್‌ಕಾಂಗ್ ಕೈಬಿಟ್ಟದ್ದೂ ಆ ಒಪ್ಪಂದದಲ್ಲೇ. ನಮ್ಮ ಕಟ್ಟಿಗೆ, ನಮ್ಮ ಕೈ, ಅವರ ತೋಪು. ಹುಡುಗಿಯ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕುವಂತಿರಲಿಲ್ಲ. ಒಂದು ವಾರ ಕೆಲಸ ನಿಂತಿತು.

ಆ ವಾರ ಜಮ್ಷೆಟ್‌ಜಿಯ ಬಗ್ಗೆ ಓದಿ ಅಪ್ಪನಿಗೂ ಮೊಮ್ಮಗಳಿಗೂ ಹೇಳಿದ ಸಂಗತಿ ಇದು. 1800ರಲ್ಲಿ ಕಟ್ಟಿದ ಒಂದು ಹಡಗಿನ ಒಳದಿಮ್ಮಿಯ ಮೇಲೆ ಜಮ್ಷೆಟ್‌ಜಿ ಯಾರಿಗೂ ಕಾಣದಂತೆ ಒಂದು ಸಾಲು ಕೆತ್ತಿದ್ದರಂತೆ. ಬಿಳಿಯರು ತಮ್ಮಂಥವರನ್ನು ಬೈಯುತ್ತಿದ್ದ ಮಾತನ್ನೇ ಬಳಸಿ, ಈ ಹಡಗನ್ನು ಕಟ್ಟಿದವನು ಒಬ್ಬ ಕರಿಯ ಎಂದು, ಇಸವಿಯ ಸಮೇತ. ಎಷ್ಟೋ ವರ್ಷಗಳ ಮೇಲೆ ಹಡಗು ದುರಸ್ತಿಗೆ ಬಂದಾಗ ಅವರೇ ಅದನ್ನು ತೋರಿಸಿದರು ಎಂದು ಹೇಳುತ್ತಾರೆ.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೊಮ್ಮಗಳಿಗೆ ಹೇಳಿದರು:

"ಹಡಗ ಯಾರದರ ಇರ್ಲವ್ವ, ಮಾಡಿದ ಕೈ ಯಾರದು ಅನ್ನೋದು ಗೊತ್ತಿರಬೇಕು. ನಾ ಎಷ್ಟ ಚಕ್ಕಡಿ ಮಾಡೀನಿ, ಒಂದರ ಮ್ಯಾಲೂ ಹೆಸರ ಬರದಿಲ್ಲ."

ಮುಂದಿನ ಭಾನುವಾರ, ಅಟ್ಟ ಮುಚ್ಚುವ ಮೊದಲು, ಮೊಮ್ಮಗಳು ಒಳದಿಮ್ಮಿಯ ಮೇಲೆ ಅಜ್ಜನ ಹೆಸರು ಬರೆದಳು. ಅಪ್ಪ ಅದರ ಮೇಲೆ ಸಣ್ಣ ಉಳಿ ಆಡಿಸಿದರು. ಈಗ ಅದು ಒಳಗಿದೆ, ಹೊರಗೆ ಕಾಣುವುದಿಲ್ಲ.

ಉಳಿದ ಕೆಲಸ ತಾಳ್ಮೆಯದು. ನಿಜವಾದ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಯುತ್ತಿದ್ದರು, ಕಟ್ಟಿಗೆ ಕೊರೆಯುವ ಸಮುದ್ರದ ಹುಳು ತಡೆಯಲು. ಹುಬ್ಬಳ್ಳಿಯಿಂದ ತೆಳು ತಾಮ್ರದ ತಗಡು ತಂದು ಚಿಕ್ಕ ಚಿಕ್ಕ ಚೌಕ ಕತ್ತರಿಸಿದೆವು. ಮೋಟರ್ ವೈಂಡಿಂಗ್ ಅಂಗಡಿಯ ತಂತಿ ಮೊಳೆಯಾಯಿತು. ಮುಖ್ಯ ಅಟ್ಟದಲ್ಲಿ ಬದಿಗೆ 14ರಂತೆ 28 ತೋಪು. ಹಗ್ಗದ ರಾಟೆಗಳಿಗೆ ಸಾಗವಾನಿ ನಡೆಯುವುದಿಲ್ಲ, ಅದರ ಎಳೆ ದಪ್ಪ, ಸಣ್ಣದು ಮಾಡಿದರೆ ಸೀಳುತ್ತದೆ. ಅದಕ್ಕೆ ಆಲೆ ಮರ ಬಳಸಿದೆವು, ಚನ್ನಪಟ್ಟಣದ ಗೊಂಬೆಗೆ ಬಳಸುವಂಥದ್ದು. ಹಗ್ಗಕ್ಕೆ ಹತ್ತಿ ನೂಲು, ಅದರ ನವಿರು ಕೂಡಲು ಜೇನುಮೇಣ. ಹಾಯಿಗೆ ಅಪ್ಪನ ಹಳೆಯ ಧೋತರ, ಚಹಾದ ನೀರಿನಲ್ಲಿ ಅದ್ದಿ ಒಣಗಿಸಿದ್ದು. ಮೂರು ಕಂಬಕ್ಕೆ ಹಗ್ಗ ಕಟ್ಟುವುದಕ್ಕೇ ನಾಲ್ಕು ತಿಂಗಳು ಬೇಕಾದವು.

ನೋಡಲು ಬಂದವರು ಕೇಳಿದ ಮೊದಲ ಪ್ರಶ್ನೆ, "ಎಷ್ಟಕ್ಕ ಮಾರ್ತೀರಿ?" ಎರಡನೆಯದು, "ಇದರಿಂದ ಏನ್ ಬಂತು?" ಮಾರುವುದಿಲ್ಲ. ಏನು ಬಂತು ಎಂಬುದಕ್ಕೆ ಉತ್ತರ ಇದೆ.

2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆ 'ಕೌಂಡಿನ್ಯ' ಎಂಬ ಹಾಯಿ ಹಡಗನ್ನು ಸೇರಿಸಿಕೊಂಡಿತು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು. ಹಾಯಿಯ ಮೇಲೆ ಗಂಡಭೇರುಂಡ. ನಮ್ಮ ದೇಶದ ಹಿಂದಿನ ಹಡಗುಗಳು ಹಾಗಿದ್ದವು. ಆದರೆ ಅದನ್ನು ಕಟ್ಟುವಾಗ ಹಳೆಯ ನಕ್ಷೆ ಒಂದೂ ಇರಲಿಲ್ಲ. ಅಜಂತಾ ಗುಹೆಯ ಒಂದು ಚಿತ್ರ ನೋಡಿ ಆಕಾರ ಊಹಿಸಿ, ಸಣ್ಣ ಮಾದರಿಯನ್ನು ಮದ್ರಾಸ್ ಐಐಟಿಯಲ್ಲಿ ನೀರಿಗೆ ಬಿಟ್ಟು ಪರೀಕ್ಷಿಸಿ, ಆಮೇಲೆ ಕಟ್ಟಬೇಕಾಯಿತು. ಬ್ರಿಟಿಷರ ನಕ್ಷೆ ಸಮುದ್ರದಲ್ಲಿ ಶತ್ರುವಿನ ಪಾಲಾದರೂ ಇನ್ನೊಂದು ಪ್ರತಿ ಬಂತು. ನಮ್ಮವರ ವಿದ್ಯೆ ಕೈಯಲ್ಲಿತ್ತು, ಕಾಗದದಲ್ಲಿರಲಿಲ್ಲ. ಕೈ ಹೋದಾಗ ಅದೂ ಹೋಯಿತು.

ಚಕ್ಕಡಿಯದೂ ಇದೇ ಗತಿ. ಗಾಲಿಯ ಎತ್ತರಕ್ಕೆ ಎಷ್ಟು ಅಗಲ, ಅಚ್ಚಿಗೆ ಎಷ್ಟು ಇಳಿಜಾರು, ಎರೆಭೂಮಿಯ ಗಾಡಿಗೂ ಕೆಂಪು ನೆಲದ ಗಾಡಿಗೂ ಏನು ವ್ಯತ್ಯಾಸ, ಇವೆಲ್ಲ ಅಪ್ಪನ ತಲೆಯಲ್ಲಿ ಮಾತ್ರ ಇವೆ. ಊರಲ್ಲಿ ಈಗ ಪೂರ್ತಿ ಕಟ್ಟಿಗೆಯ ಚಕ್ಕಡಿ ಒಂದೇ ಉಳಿದಿದೆ, ಅದೂ ಮಳೆಗೆ ನೆನೆಯುತ್ತ ನಿಂತಿದೆ.

ಅದಕ್ಕೆ ಈಗ ಗೋಡೆಯ ಮೇಲಿನ ಹಡಗಿನ ನಕ್ಷೆ ಇಳಿಸಿ, ಖಾಲಿ ಹಾಳೆ ಹಚ್ಚಿದ್ದೇವೆ. ಅಪ್ಪ ಆ ಚಕ್ಕಡಿಯ ಅಳತೆ ಹೇಳುತ್ತಾರೆ, ಮೊಮ್ಮಗಳು ಬರೆಯುತ್ತಾಳೆ. ಮೂರು ನೋಟ: ಬದಿಯಿಂದ, ಮೇಲಿನಿಂದ, ಹಿಂದಿನಿಂದ. ಒಂದು ಇಂಚಿಗೆ ಆರು ಇಂಚು. ಅರ್ಧ ಗಾಲಿ ಮುಗಿದಿದೆ.

ನಿಮ್ಮ ಊರಲ್ಲೂ ಒಬ್ಬ ಹಳೆಯ ಬಡಿಗೇರ, ಕಮ್ಮಾರ ಅಥವಾ ಕುಂಬಾರ ಇದ್ದಾರು. ಅವರ ಹತ್ತಿರ ಕೂತು ಅಳತೆ ಕೇಳಿ, ಬರೆದಿಡಿ. ಕಾಗದದ ಒಂದು ಮೂಲೆಯಲ್ಲಿ ಅವರ ಹೆಸರನ್ನೂ ಬರೆಯಿರಿ.